ಖಾಲಿ ತಟ್ಟೆಯ ಪಾಸ್ತಾ

ಆರು ವರ್ಷದ ಹಿಂದೆ ನನ್ನ ಅಕ್ಕ ನಮ್ಮನೆಯ ಊಟದ ಮೇಜಿನಲ್ಲಿ, ಹತ್ತು ಜನರ ಮುಂದೆ, "ಉಪ್ಪು ಕಮ್ಮಿ" ಅಂದಳು. "ಬೇಕಾದ್ರೆ ನಿಮ್ಮನೇಲಿ ಹೋಗಿ ತಿನ್ನು" ಅಂದೆ ನಾನು. ಹೋದಳು. ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರಿಗೆ ಅಕ್ಕತಂಗಿಯರು ಇರಲಿಲ್ಲವೆಂದು ಕಾಣುತ್ತದೆ.

ಕಳೆದ ವಾರ ಅವಳೇ ಫೋನ್ ಮಾಡಿದಳು. ಭಾನುವಾರ ಎಂಟಕ್ಕೆ ಊಟಕ್ಕೆ ಬರುತ್ತಾಳಂತೆ. "ಬಿ.ಪಿ. ಇದೆ, ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ" ಅಂತ ಕೊನೆಗೆ ಸೇರಿಸಿದಳು. ಯಾವುದಕ್ಕೆ ಎದ್ದು ಹೋದಳೋ ಅದನ್ನೇ ಮತ್ತೆ ಬಡಿಸಬೇಕು! ಈ ಸಲ ಎದ್ದು ಹೋದರೆ ಅಕ್ಕ ನನಗೆ ಸಿಗುವುದಿಲ್ಲ.

ನಮ್ಮ ಅಡುಗೆ ಮಾಡಿದರೆ ಅಮ್ಮನ ಕೈರುಚಿಗೆ ಹೋಲಿಸುತ್ತಾಳೆ. ಅದಕ್ಕೇ ಇಟಲಿಯ ಊಟ ಎಂದು ನಿರ್ಧರಿಸಿದೆ. ಟೊಮೆಟೊ, ಬೆಳ್ಳುಳ್ಳಿ ಹಾಕಿದ ಪಾಸ್ತಾ, ಪಕ್ಕಕ್ಕೆ ಬೀನ್ಸ್ ಸಲಾಡ್. ಸುಲಭ, ಆರೋಗ್ಯಕ್ಕೂ ಒಳ್ಳೆಯದು. ನಮ್ಮ ವಂಶದಲ್ಲಿ ಇಟಲಿಯವರು ಯಾರೂ ಇಲ್ಲ, ಹೋಲಿಸಲಿ ನೋಡೋಣ.

ಇಷ್ಟಕ್ಕೇ ಬಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಮಾಕ್ ಡ್ರಿಲ್ ಮಾಡದೆ ಹಲ್ಲನ್ನೂ ಉಜ್ಜುವವರಲ್ಲ. ಈ ಊಟಕ್ಕೂ ಮೊದಲೇ ಒಂದು ತಾಲೀಮು ಆಗಲೇಬೇಕೆಂದು ಅಡುಗೆಮನೆ ಗೋಡೆಗೆ ನಕ್ಷೆ ಅಂಟಿಸಿದರು. ಒಲೆಯಿಂದ ಮೇಜಿಗೆ ಕೆಂಪು ಬಾಣ, ಜಗಳ ಹತ್ತಿದರೆ ಹೊರಗೋಡಲು ಬಾಗಿಲಿನವರೆಗೆ ಹಸಿರು ಬಾಣ.

ಭಾನುವಾರ ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಮುಂಬಾಗಿಲು ತೆರೆದಿಟ್ಟು ವಿಷಲ್ ಊದಿದರು. ಡ್ರಿಲ್‌ನಲ್ಲಿ ಬೆಂಕಿ ಹಚ್ಚಬಾರದೆಂಬುದು ಅವರ ನಿಯಮ. ಹಾಗಾಗಿ ಒಲೆ ತಣ್ಣಗಿತ್ತು, ಪಾತ್ರೆ ಖಾಲಿ. ಅಕ್ಕನ ಬದಲಿಗೆ ಎದುರುಮನೆ ಟೈಲರಮ್ಮ ಬಂದು ಕೂತಿದ್ದರು, ಕೊರಳಲ್ಲಿ ಅಳತೆ ಟೇಪಿನ ಸಮೇತ. ನಾನು ಖಾಲಿ ಪಾತ್ರೆಯಿಂದ ಖಾಲಿ ತಟ್ಟೆಗೆ ಬಡಿಸಿದೆ.

"ಜಾಸ್ತಿ ಆಯ್ತು, ತೆಗೀರಿ" ಅಂದರು ಟೈಲರಮ್ಮ. ತೆಗೆದೆ.

ಫೋರ್ಕ್ ಬಾಯಿಗಿಟ್ಟು ಅಗಿದು, ಮುಖ ಸಿಂಡರಿಸಿ, "ಉಪ್ಪು ಕಮ್ಮಿ" ಅಂದರು.

ಯಜಮಾನರು ಸ್ಟಾಪ್‌ವಾಚ್ ಒತ್ತಿದರು. "ಈಗ ನೀನು ನಗಬೇಕು. ಹದಿನೈದು ಸೆಕೆಂಡು."

ನಗಲು ಹೋದೆ, ಅಳು ಬಂತು. "ಕಮ್ಮಿನೇ ಅಕ್ಕ. ಅವತ್ತೂ ಕಮ್ಮಿನೇ ಇತ್ತು. ನೀನು ಹೋದ್ಮೇಲೆ ತಿಂದು ನೋಡ್ದೆ, ಉಪ್ಪು ಹಾಕೋದೇ ಮರ್ತಿದ್ದೆ. ಫೋನ್ ಮಾಡಿ ಹೇಳೋಕೆ ನನ್ ಸೊಕ್ಕು ಬಿಡ್ಲಿಲ್ಲ. ತಪ್ಪಾಯ್ತು" ಅಂತ ಟೈಲರಮ್ಮನ ಕೈ ಹಿಡಿದು ಗೊಳೋ ಎಂದೆ. ಟೈಲರಮ್ಮನೂ ಟೇಪಿನಲ್ಲೇ ಕಣ್ಣೊರೆಸಿಕೊಂಡರು.

"ಇದು ನಕ್ಷೆಯಲ್ಲಿ ಇಲ್ವಲ್ಲ" ಅಂದರು ಯಜಮಾನರು.

ಹಸಿರು ಬಾಣ ಮುಗಿಯುವಲ್ಲಿ, ತೆರೆದ ಬಾಗಿಲಲ್ಲಿ, ಅಕ್ಕ ನಿಂತಿದ್ದಳು. ಎಂಟಕ್ಕೆ ಅಂದರೆ ಏಳಕ್ಕೆ ಬರುವುದು ಅವಳ ಹುಟ್ಟುಗುಣ. ಆರು ವರ್ಷದಲ್ಲಿ ನಾನದನ್ನು ಮರೆತಿದ್ದೆ.

"ಏಳಿ, ಅದು ನನ್ನ ಜಾಗ" ಅಂತ ಟೈಲರಮ್ಮನನ್ನು ಎಬ್ಬಿಸಿ ಕುಳಿತಳು. ತಟ್ಟೆ ನೋಡಿದಳು, ನನ್ನ ಮುಖ ನೋಡಿದಳು.

"ಅತ್ತಿಗೆ, ಇನ್ನೂ ಒಲೆ ಹಚ್ಚಿಲ್ಲ..." ಎಂದು ಯಜಮಾನರು ತೊದಲಿದರು.

ಅಕ್ಕ ಫೋರ್ಕ್ ಎತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದಳು.

"ಉಪ್ಪು ಸರಿಯಾಗಿದೆ ಕಣೇ" ಅಂದಳು. "ಇನ್ನೊಂಚೂರು ಬಡಿಸು."