ದುರಗವ್ವನ ತಟ್ಟಿ

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಮ್ಮೂರು ಮಾಸೂರಿಗೆ ಸಿಡುಬು ಬಂತು. ಪಕ್ಕದ ಮನೆಯ ದುರಗವ್ವ ಸಿಡುಬೆದ್ದ ಸೊಸೆ ಅನ್ನವ್ವನನ್ನು ಹೊಲದ ಗುಡಿಸಲಿಗೆ ಕಳಿಸಿದಳು. ಅನ್ನವ್ವನ ಪುಟ್ಟ ಮಗಳನ್ನು ಸಾಕಿದವಳು ನಾದಿನಿ, ದುರಗವ್ವನ ಮಗಳು ಹುಲಿಗೆವ್ವ, ಗಂಡನನ್ನು ಬಿಟ್ಟು ತವರು ಸೇರಿದ್ದವಳು. ನಮ್ಮ ಹಿತ್ತಲುಗಳ ನಡುವಿನ ಗೋಡೆ ನನ್ನ ಸೊಂಟದೆತ್ತರ. ಕಂಡದ್ದನ್ನು ನೋಡಿದೆ, ಕದ್ದು ನೋಡಲಿಲ್ಲ.

ಕೋಳಿಗಳ ವಿಷಯದಲ್ಲಿ ದುರಗವ್ವನಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಆ ದಿನಗಳಲ್ಲಿ ಅವಳ ಚುಕ್ಕಿ ಹೇಂಟೆಯನ್ನು ಉಳಿದವು ಕುಕ್ಕಿ ಕುಕ್ಕಿ ಬೆನ್ನಿನ ಚರ್ಮ ಕಿತ್ತಿದ್ದವು. ಗಾಯಕ್ಕೆ ಅರಿಶಿನ ಮೆತ್ತಿ, ಹಿತ್ತಲ ಮೂಲೆಗೆ ಬಿದಿರಿನ ತಟ್ಟಿ ಕಟ್ಟಿ ಅದರ ಹಿಂದೆ ಬಿಟ್ಟಳು.

"ಕಣ್ಣಿಗೆ ಕಾಣಬೇಕು, ಕೊಕ್ಕಿಗೆ ಸಿಗಬಾರದು. ಪೂರಾ ಬ್ಯಾರೆ ಇಟ್ರ ಮರತುಬಿಡ್ತಾವು," ಎಂದಳು ನನಗೆ.

ಗಾಯ ಮಾಯ್ದ ಮೇಲೆ ಒಂದು ಸಂಜೆ, ಎಲ್ಲವೂ ಗೂಡಿನಲ್ಲಿ ತೂಕಡಿಸುವಾಗ, ಚುಕ್ಕಿಯನ್ನು ನಡುವೆ ಕೂಡಿಸಿದಳು. ಬೆಳಗ್ಗೆ ಅದು ಯಾವತ್ತೂ ಅಲ್ಲೇ ಇದ್ದಂತೆ ಎಲ್ಲವೂ ಒಟ್ಟಿಗೆ ಇಳಿದವು.

ಅನ್ನವ್ವ ಬದುಕಿ ಬಂದಳು. ಮುಖದ ತುಂಬ ಕಲೆ, ತಲೆಯಲ್ಲಿ ಅಲ್ಲಲ್ಲಿ ಕೂದಲು. ಮಗು ಚೀರಿ ಹುಲಿಗೆವ್ವನ ಸೆರಗಿನಲ್ಲಿ ಅಡಗಿತು. ಗಂಡ ಎಮ್ಮೆ ಬಿಚ್ಚಿಕೊಂಡು ಹೊರಟೇಹೋದ.

"ಅತ್ತಿ, ನನ್ನ ಕೂಸು ನನ್ನ ಹತ್ರ ಬರ್ತೈತೇನ್ರಿ?" ಎಂದಳು ಅನ್ನವ್ವ.

ದುರಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ತೈತಿ. ಅಲ್ಲಿ ಕುಂದ್ರು," ಎಂದು ತಟ್ಟಿಯ ಕಡೆ ಕೈ ತೋರಿದಳು.

ನನಗೆ ಮೈ ಉರಿದುಹೋಯಿತು. "ಯಕ್ಕಾ, ಆಕಿ ಕೋಳಿ ಅಲ್ಲ, ಮನುಷ್ಯಾಳು," ಎಂದೆ.

"ಒಳಗಿರೋರೂ ಮನುಷ್ಯಾರ. ಕೋಳಿಗಿಂತ ಜೋರ ಕುಕ್ತಾರ."

ಹಗಲೆಲ್ಲ ಅನ್ನವ್ವ ತಟ್ಟಿಯ ಹಿಂದೆ ಕೂತಳು. ಊಟದ ತಾಟೂ ಅಲ್ಲಿಗೇ ಹೋಗುತ್ತಿತ್ತು. ಕೋಳಿಗಳು ಸಾಲಾಗಿ ನಿಂತು, ಒಂದಿಷ್ಟೂ ಸದ್ದು ಮಾಡದೆ, ತಲೆ ವಾರೆ ಮಾಡಿ ಬಿದಿರಿನ ಸಂದಿಯಲ್ಲಿ ಇಣುಕುತ್ತಿದ್ದವು. ಕೆಲವು ದಿನಗಳಲ್ಲಿ ಮಗುವೂ ಆ ಸಾಲಿಗೆ ಸೇರಿತು, ಹಾಗೇ ತಲೆ ವಾರೆ ಮಾಡಿ. ಆಮೇಲೆ ಗಂಡನೂ ಬಂದು ನಿಂತ. ನಮ್ಮ ಹಿತ್ತಲಿಗೆ ಹೋಗಲೂ ನನಗೆ ಹೆದರಿಕೆಯಾಗತೊಡಗಿತು.

ಒಂದು ರಾತ್ರಿ ದೀಪ ಆರಿಸಿದ ಮೇಲೆ ದುರಗವ್ವ ಸೊಸೆಯನ್ನು ಕೈಹಿಡಿದು ಕರೆದೊಯ್ದು, ನಿದ್ದೆಯಲ್ಲಿದ್ದ ಮಗುವಿನ ಪಕ್ಕ ಮಲಗಿಸಿದಳಂತೆ. ಬೆಳಗ್ಗೆ ಮಗು "ಅವ್ವಾ, ಹಸಿವಾಗೈತಿ" ಎಂದು ಅನ್ನವ್ವನನ್ನೇ ಎಬ್ಬಿಸಿತು. ಗೋಡೆಯಾಚೆ ಅದು ಕೇಳಿಸಿ, ಸುಳ್ಳೇಕೆ, ನಾನು ಅತ್ತುಬಿಟ್ಟೆ.

ಹುಲಿಗೆವ್ವ ಎಂದಿನಂತೆ ಹಾಲಿನಲ್ಲಿ ರೊಟ್ಟಿ ಕಿವುಚಿ ಮಗುವನ್ನು ಕರೆದಳು. ಮಗು ಅವಳ ಕೈಗೆ ಪಟ್ಟೆಂದು ಹೊಡೆಯಿತು. ಅವಳ ಅಣ್ಣ, ಮಗುವಿನ ಅಪ್ಪ, ನಕ್ಕ. ದುರಗವ್ವ ಮಗಳನ್ನು ಒಮ್ಮೆ ನೋಡಿ, ಕಾಳು ಹಾಕಲು ಹಿತ್ತಲಿಗೆ ಹೋದಳು.

ಮಧ್ಯಾಹ್ನ ನಾನು ನೋಡುವಾಗ ತಟ್ಟಿಯ ಹಿಂದೆ ಹುಲಿಗೆವ್ವ ಕೂತಿದ್ದಳು. ಯಾರೂ ಹೇಳಿರಲಿಲ್ಲವಂತೆ, ತಾನೇ ಹೋಗಿ ಕೂತಳಂತೆ.

ಅನ್ನವ್ವ ತಾಟು ತಂದು ತಟ್ಟಿಯ ಅಡಿಯಿಂದ ಒಳಗೆ ತಳ್ಳಿದಳು. ಮಗು ಸಂದಿಯಲ್ಲಿ ಇಣುಕಿ, "ಅದ್ಯಾರವ್ವ?" ಎಂದು ಕೇಳಿತು.

ಅನ್ನವ್ವ ಮಗುವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಯಾರೂ ಅಲ್ಲ ಕೂಸೇ. ಹತ್ರ ಹೋಗಬ್ಯಾಡ."