ಸೌದಾಗರ ಕೇರಿಯ ಒಳಬಾಗಿಲು

ನಾನು ಒಂದು ಬಾಗಿಲು. ಬೀದಿಗೆ ತೆರೆಯುವ ಬಾಗಿಲಲ್ಲ. ಮಾಣಿಕೋಡಿ ಎಂಬ ಹಳೆಯ ಬಂದರಿನ ಸೌದಾಗರ ಕೇರಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಮನೆಗಳಿವೆ. ಅವುಗಳ ನಡುಗೋಡೆಯಲ್ಲಿ ನಾನಿದ್ದೇನೆ. ನನ್ನ ಒಂದು ಮುಖ ಒಂದು ಅಡುಗೆಕೋಣೆಯನ್ನು ನೋಡುತ್ತದೆ, ಇನ್ನೊಂದು ಮುಖ ಪಕ್ಕದ ಮನೆಯ ಅಡುಗೆಕೋಣೆಯನ್ನು.

ನನ್ನನ್ನು ಮಾಡಿದವನು ಶೇಷು ಆಚಾರಿ, ಮರ ಹಲಸಿನದು. ಅಕ್ಕಿ ಮತ್ತು ಬಟ್ಟೆಯ ವ್ಯಾಪಾರಿ ಇಸ್ಮಾಯಿಲ್ ಸಾಹೇಬರು ಅಪ್ಪನ ಕಾಲದ ಮನೆಯನ್ನು ತಮ್ಮನೊಂದಿಗೆ ಹಂಚಿಕೊಂಡು ನಡುವೆ ಗೋಡೆ ಎಬ್ಬಿಸಿದಾಗ, ಗೋಡೆಯ ಜೊತೆಗೇ ನನ್ನನ್ನೂ ಇಟ್ಟರು. ಯಾವ ವರ್ಷ ಎಂದು ನಾನು ಖಚಿತವಾಗಿ ಹೇಳಲಾರೆ. ಆಗ ಮುಂಬಯಿಗೆ ಹೋಗುವ ಹಾಯಿಹಡಗುಗಳು ಬಂದರಿನಲ್ಲಿ ನಿಲ್ಲುತ್ತಿದ್ದವು ಎಂಬುದು ಮಾತ್ರ ನಿಜ. ಅವುಗಳ ಮೂಟೆಗಳು ನನ್ನ ಪಕ್ಕದಲ್ಲೇ ಒರಗುತ್ತಿದ್ದವು.

ಈ ಕೇರಿಯ ಮನೆಗಳ ಪದ್ಧತಿ ಬೇರೆ ಕಡೆ ಇದೆಯೋ ಇಲ್ಲವೋ ತಿಳಿಯದು. ಇಲ್ಲಿ ಪ್ರತಿ ನಡುಗೋಡೆಗೂ ನನ್ನಂಥ ಒಂದು ಬಾಗಿಲಿದೆ. ಕೇರಿಯ ಹೆಂಗಸರು ಬೀದಿಗೆ ಇಳಿಯದೆ, ಅಡುಗೆಕೋಣೆಯಿಂದ ಅಡುಗೆಕೋಣೆಗೆ, ಈ ತುದಿಯಿಂದ ಆ ತುದಿಯವರೆಗೆ ಹೋಗಿಬರಬಹುದು. ನನ್ನ ಎರಡೂ ಮುಖಕ್ಕೆ ಅಗುಳಿ ಇದೆ. ಅದಕ್ಕೊಂದು ನಿಯಮವೂ ಇದೆ. ಅಗುಳಿ ಹಾಕಿದ್ದರೆ ಆ ಮನೆಯಲ್ಲಿ ಹೊರಗಿನ ಗಂಡಸು ಬಂದು ಕುಳಿತಿದ್ದಾನೆ ಎಂದರ್ಥ. ಅವನು ಎದ್ದು ಹೋದ ತಕ್ಷಣ ಅಗುಳಿ ಸರಿಯಬೇಕು. ಅಗುಳಿ ಹಾಕಿರುವಾಗ ತಟ್ಟಬಾರದು, ಯಾರು ಬಂದಿದ್ದಾರೆ ಎಂದು ಕೇಳಲೂಬಾರದು.

ಇಸ್ಮಾಯಿಲ್ ಸಾಹೇಬರು ತೀರಿಕೊಂಡಾಗ ಅವರ ಹೆಂಡತಿ ಪದ್ಧತಿಯಂತೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹೊಸ್ತಿಲು ದಾಟಲಿಲ್ಲ. ಬೀದಿಯ ಬಾಗಿಲು ಮುಚ್ಚಿತ್ತು. ಆದರೆ ಅವರು ಒಂಟಿಯಾಗಿ ಉಂಡದ್ದನ್ನು ನಾನು ನೋಡಲಿಲ್ಲ. ಗಂಜಿ, ಸುದ್ದಿ, ಎದೆಹಾಲಿನ ಕೂಸು, ಒಮ್ಮೆ ಒಂದು ಜಗಳ ಕೂಡ, ಎಲ್ಲವೂ ನನ್ನ ಮೂಲಕವೇ ಅವರ ಬಳಿ ಹೋದವು.

ಮುಂದೆ ಮಕ್ಕಳು ಮುಂಬಯಿಗೆ, ಮೊಮ್ಮಕ್ಕಳು ದುಬೈಗೆ ಹೋದರು. ಇಸ್ಮಾಯಿಲ್ ಸಾಹೇಬರ ಮನೆಗೆ ಬೀಗ ಬಿತ್ತು. ಪಕ್ಕದ ಮನೆಯ ಸೊಸೆ ಮೈಮೂನಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. ಬೀಗ ಬಿದ್ದ ಮನೆಯ ಆಚೆಗಿನ ಮನೆ ಅವರ ತಂಗಿ ಹಾಜಿರಾಳದು. ಆಕೆಯ ಕಣ್ಣು ಮಂಜಾಗಿತ್ತು. ದಿನವೂ ಮಧ್ಯಾಹ್ನ ಮೈಮೂನಮ್ಮ ನನ್ನನ್ನು ಎಳೆದು, ಖಾಲಿ ಮನೆಯನ್ನು ದಾಟಿ, ಆಚೆ ಗೋಡೆಯ ಬಾಗಿಲಿನಿಂದ ತಂಗಿಯ ಬಳಿ ಹೋಗಿ ಚಹಾ ಕುಡಿದು ಬರುತ್ತಿದ್ದರು. ಹೋಗುವ ದಾರಿಯನ್ನು ಗುಡಿಸಿಕೊಂಡೇ ಹೋಗುತ್ತಿದ್ದರು. ಬೀದಿಯಿಂದ ಹೋಗುವುದಕ್ಕೆ ಈಗ ಯಾರ ಅಡ್ಡಿಯೂ ಇಲ್ಲ. ಕೇರಿಯ ಹುಡುಗಿಯರು ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಾರೆ. ಅಡ್ಡಿ ಇದ್ದದ್ದು ಮೈಮೂನಮ್ಮನ ಮೊಣಕಾಲಿನದು. ಇಲ್ಲಿನ ಮನೆಗಳು ನೆರೆನೀರಿಗೆ ಹೆದರಿ ಎತ್ತರದ ಪಾಯದ ಮೇಲೆ ನಿಂತಿವೆ. ಬೀದಿಗಿಳಿಯುವ ಕಲ್ಲಿನ ಮೆಟ್ಟಿಲುಗಳು ಕಡಿದಾಗಿವೆ. ಒಳಗಿನ ದಾರಿ ಸಪಾಟು.

ಅಷ್ಟರಲ್ಲಿ ಊರಿಗೆ ನೋಡುವವರು ಬರತೊಡಗಿದರು. ಹಾಳುಬಿದ್ದ ಸುಂಕದ ಕಟ್ಟೆ, ಹಂಚಿನ ಮಾಡಿನ ಹಳೆಯ ಮಸೀದಿ, ಬೀದಿಯ ಕೆತ್ತನೆಯ ಬಾಗಿಲುಗಳು, ಇವುಗಳ ಫೋಟೋ ತೆಗೆದುಕೊಳ್ಳುತ್ತಿದ್ದರು. ಮಾತು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇಲ್ಲಿ ಬಂದು ಇದ್ದುಬಿಟ್ಟರೆ ಹೇಗೆ? ಮರುದಿನ ಅವರ ಬಸ್ಸು ಹೊರಡುತ್ತಿತ್ತು. ಇದ್ದುಬಿಡಬೇಕು ಎಂದು ಅನ್ನಿಸುವಂಥದ್ದು ಈ ಊರಲ್ಲಿ ಏನಿದೆ ಎಂದು ನನಗೆ ಕುತೂಹಲ. ಕದಲದೆ ಇದ್ದವನಿಗೆ ಅದು ಸುಲಭವಾಗಿ ತಿಳಿಯುವುದಿಲ್ಲ.

ಒಬ್ಬರು ಮಾತ್ರ ಮತ್ತೆ ಮತ್ತೆ ಬಂದರು. ಹೆಸರು ಕಸ್ತೂರಿ ಬೆಟಗೇರಿ. ಗದಗಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಒಂಟಿ. ಮನೆಯ ಉಸ್ತುವಾರಿ ನೋಡಿಕೊಳ್ಳುವ ಇಮ್ತಿಯಾಜ್, ಅಂದರೆ ಮೈಮೂನಮ್ಮನ ಅಳಿಯ, ಬೀಗ ತೆಗೆದು ಅವರಿಗೆ ಮನೆ ತೋರಿಸಿದ.

"ಮೂರು ದಿನ ಚಂದ ಕಾಣ್ತದೆ ಟೀಚರೇ. ಆಮೇಲೆ ಉಪ್ಪುಗಾಳಿಗೆ ಫ್ಯಾನೂ ತುಕ್ಕು ಹಿಡಿತದೆ" ಎಂದ ಅವನು.

"ಹಿಡೀಲಿ ಬಿಡ್ರಿ. ನಾನೂ ಒಂದಿಷ್ಟು ತುಕ್ಕು ಹಿಡದೀನಿ."

"ಗದಗ ಬಿಟ್ಟು ಇಲ್ಲಿಗೆ ಎಂತಕ್ಕೆ?"

"ವರ್ಷಾನುಗಟ್ಲೆ ಉಬ್ಬರ ಇಳಿತದ ಪಾಠಾ ಮಾಡೀನ್ರಿ. ಹುಡುಗರಿಗೆ ಮಾರ್ಕ್ಸೂ ಹಾಕೀನಿ. ನೀರು ಇಳಿಯೂದನ್ನ ಕೂತು ನೋಡಿದ್ದ ಇಲ್ಲ."

ಅವರು ಮನೆಯನ್ನು ಬಾಡಿಗೆಗೆ ಹಿಡಿದರು. ಮೀನು ತಿನ್ನುವುದಿಲ್ಲ ಎಂದು ಮೊದಲೇ ಹೇಳಿದರು. ಇಮ್ತಿಯಾಜ್ ಬಾವಿ, ಮೀಟರು, ಹಿತ್ತಿಲು ಎಲ್ಲ ತೋರಿಸಿದ. ಒಳಬಾಗಿಲುಗಳ ವಿಷಯ ಎತ್ತಲಿಲ್ಲ. ಅದು ಹೆಂಗಸರ ದಾರಿ, ಹೆಂಗಸರೇ ಹೇಳುತ್ತಾರೆ ಎಂದುಕೊಂಡ. ಮನೆ ತೋರಿಸಿದವನೇ ಹೇಳಿರುತ್ತಾನೆ ಎಂದು ಹೆಂಗಸರು ಅಂದುಕೊಂಡರು.

ಕಸ್ತೂರಿ ಟೀಚರು ಮೊದಲ ದಿನವೇ ನನ್ನ ಮುಂದೆ ನಿಂತರು. ನಾನು ಬಗ್ಗಿ ದಾಟಬೇಕಾದ, ಎದೆಮಟ್ಟದ ಗಿಡ್ಡ ಬಾಗಿಲು; ಕೆಳಗಿನ ಅರ್ಧಕ್ಕೆ ಹಳೆಯ ಖಾಲಿ ಅಕ್ಕಿಪೆಟ್ಟಿಗೆಯೊಂದು ಅಡ್ಡವಿತ್ತು. ಮೈಮೂನಮ್ಮ ಅದನ್ನು ಮೊಣಕೈಯಿಂದ ಸರಿಸಿ ಬರುತ್ತಿದ್ದರು. ಟೀಚರು ನನ್ನನ್ನು ತಮ್ಮ ಕಡೆಗೆ ಎಳೆದರು. ನಾನು ತೆರೆಯುವುದು ಮೈಮೂನಮ್ಮನ ಕಡೆಗೆ, ಅಲುಗಲಿಲ್ಲ. ಬೀಗ ಹಾಕಿದ ಗೋಡೆ ಕಪಾಟು ಎಂದು ತೀರ್ಮಾನಿಸಿದರು. ಗಾಳಿಗೆ ಗಡಗಡ ಸದ್ದು ಮಾಡುತ್ತೇನೆಂದು ಅಗುಳಿ ಹಾಕಿದರು. ಎದುರು ಗೋಡೆಯ ಬಾಗಿಲಿಗೂ ಹಾಗೇ ಮಾಡಿದರು.

ಮರುದಿನ ಮಧ್ಯಾಹ್ನ ಮೈಮೂನಮ್ಮ ನನ್ನನ್ನು ಎಳೆದು ನೋಡಿ ಕೈ ಹಿಂತೆಗೆದರು. ಅದರ ಮರುದಿನವೂ ಹಾಗೇ. ವಾರ ಕಳೆಯಿತು. ಅವರು ತಂಗಿಗೆ ಫೋನು ಮಾಡಿದರು. ಅಕ್ಕತಂಗಿಯರ ಮನೆಮಾತು ಬೇರೆ. ನಾನು ಹೇಳುತ್ತಿರುವುದು ಅದರ ಕನ್ನಡ.

"ಇಲ್ಲ ಹಾಜಿರಾ, ಇವತ್ತೂ ಅಗುಳಿ ಹಾಕಿದೆ. ಗಂಡಸು ಇನ್ನೂ ಹೋಗ್ಲಿಲ್ಲ. ಯಾರೋ ಏನೋ, ನಮಗೆಂತಕ್ಕೆ. ಹೊರಗೆ ಬಂದದ್ದನ್ನೇ ಯಾರೂ ಕಂಡಿಲ್ಲ. ಮೀನೂ ಇಲ್ಲದ ಮನೆ, ಪಾಪ, ಅವನು ಎಂತ ತಿಂತಾನೋ."

ಮೀನು ಸಿಗದ ಗಂಡಸಿನ ಮೇಲೆ ಕರುಣೆ ಹುಟ್ಟಿ ಅವರು ಅಕ್ಕಿರೊಟ್ಟಿ, ತೆಂಗಿನಹಾಲಿನ ಶ್ಯಾವಿಗೆ ಮಾಡಿ ಇಮ್ತಿಯಾಜನ ಕೈಲಿ ಬೀದಿಯಿಂದ ಕಳಿಸತೊಡಗಿದರು. ಪಾತ್ರೆ ಯಾವಾಗಲೂ ಇಬ್ಬರಿಗಾಗುವಷ್ಟು ತುಂಬಿರುತ್ತಿತ್ತು. ಟೀಚರು ಪಾತ್ರೆ ತೊಳೆದು, ಶೇಂಗಾ ಚಟ್ನಿಪುಡಿ ಹಾಕಿ ಹಿಂದಿರುಗಿಸುತ್ತಿದ್ದರು. ಊಟ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ.

ನಾನು ಎರಡೂ ಕಡೆ ನೋಡುತ್ತಿದ್ದೆ. ಒಂದು ಕಡೆ ಮೈಮೂನಮ್ಮ ಮಧ್ಯಾಹ್ನದ ಹೊತ್ತಿಗೆ ಚಹಾ ಕಾಸಿ ಒಬ್ಬರೇ ಕುಡಿಯುತ್ತಿದ್ದರು. ಆಚೆ ಮನೆಯಲ್ಲಿ ಹಾಜಿರಾ ಊಟ ಕಡಿಮೆ ಮಾಡಿದ್ದಾಳೆ ಎಂಬ ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಇನ್ನೊಂದು ಕಡೆ ಟೀಚರು ಬೆಳಿಗ್ಗೆ ಕಡಲದಂಡೆಗೆ ಹೋಗಿ ಬಂದು, ನೀರು ಎಲ್ಲಿಯವರೆಗೆ ಇಳಿದಿತ್ತು ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಕೇಳಲು ನಾನೊಬ್ಬನೇ ಇದ್ದೆ. ದಿನ ಕಳೆದಂತೆ ಆ ವರದಿ ಚಿಕ್ಕದಾಯಿತು. ಒಂದು ದಿನ ನಿಂತೇಹೋಯಿತು. ತಿಂಗಳ ಕೊನೆಗೆ ಮನೆ ಬಿಡುತ್ತೇನೆ ಎಂದು ಇಮ್ತಿಯಾಜನಿಗೆ ತಿಳಿಸಿದರು.

ಅವನು ಈ ಸುದ್ದಿಯನ್ನು ಮೈಮೂನಮ್ಮನಿಗೆ ಹೇಳಿದ. "ದುಬೈಯವರು ಇನ್ನು ಮನೆ ಬಾಡಿಗೆಗೆ ಕೊಡುದಿಲ್ಲಂತೆ ಅತ್ತೆ. ಟೀಚರು ಹೋದ್ರೆ ಮನೆ ಟೂರಿಸ್ಟರಿಗೆ. ದಿನಕ್ಕೊಬ್ಬರು ಬರುದು. ಒಳಬಾಗಿಲಿಗೆ ಕಲ್ಲು ಕಟ್ಟುದು."

ಮೈಮೂನಮ್ಮ ಚಹಾ ಲೋಟ ಕೆಳಗಿಟ್ಟು ಎದ್ದರು. ಬೀದಿಯ ಮೆಟ್ಟಿಲು ಇಳಿದದ್ದನ್ನು ನಾನು ಕಂಡಿಲ್ಲ. ತುಂಬ ಹೊತ್ತಿನ ಮೇಲೆ ಟೀಚರ ಬೀದಿಬಾಗಿಲಲ್ಲಿ ಅವರ ಏದುಸಿರು ಕೇಳಿತು. ಟೀಚರು ಅವರನ್ನು ಒಳಗೆ ಕರೆತಂದು ಅಡುಗೆಕೋಣೆಯ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟರು.

"ನಿಮ್ಮ ನೆಂಟರು ಇನ್ನೂ ಹೊರಡ್ಲಿಲ್ವಾ?" ಎಂದರು ಮೈಮೂನಮ್ಮ, ತಗ್ಗಿದ ದನಿಯಲ್ಲಿ.

"ಯಾವ ನೆಂಟರ್ರೀ?"

"ಹೆಸರು ಹೇಳುದು ಬೇಡ. ಕೇರಿಯಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಕೇಳುದಿಲ್ಲ. ಆದರೆ ಗಂಡಸರು ಮನೆಯಲ್ಲಿದ್ರೆ ನಾವು ಹೇಗೆ ಬರುದು?"

"ನನ್ನ ಮನ್ಯಾಗ ಗಂಡಸರಾ? ಅಮ್ಮಾರ, ಇಲ್ಲಿ ಗಡಿಯಾರ ಬಿಟ್ರ ಸದ್ದು ಮಾಡೂದು ಬ್ಯಾರೆ ಏನೂ ಇಲ್ಲ."

"ಮತ್ತೆ ಅಗುಳಿ?"

"ಯಾವ ಅಗುಳಿ?"

ಮೈಮೂನಮ್ಮ ನನ್ನ ಕಡೆ ಬೆರಳು ತೋರಿಸಿದರು. ಟೀಚರು ನನ್ನನ್ನೂ ಅವರನ್ನೂ ನೋಡಿದರು. "ಅದು ಕಪಾಟ ಅಲ್ಲೇನ್ರೀ?"

"ಕಪಾಟಾ? ಅದರೊಳಗೆ ಎಂತ ಇಡ್ತೀರಿ ಮಾರಾಯ್ತಿ, ನನ್ನನ್ನಾ?"

ಇಬ್ಬರೂ ನಕ್ಕರು. ಮೈಮೂನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಿಯಮವನ್ನೆಲ್ಲ ವಿವರಿಸಿದರು. ಟೀಚರು ಹಣೆಗೆ ಕೈಯಿಟ್ಟುಕೊಂಡರು. "ಅದಕ್ಕ ಶ್ಯಾವಗಿ ಇಬ್ಬರಿಗಾಗೂವಷ್ಟು ಬರ್ತಿತ್ತು. ನಾನು ನಿಮ್ಮ ಊರಾಗ ಹಿಂಗ ಉಣ್ತಾರ ಅಂತ ತಿಳ್ಕೊಂಡು ಎಲ್ಲಾ ತಿಂದು ದಪ್ಪ ಆದೆ."

ನಗು ನಿಂತ ಮೇಲೆ ಮೈಮೂನಮ್ಮ ಕೇಳಿದರು. "ಹೋಗ್ತೀರಂತೆ?"

"ಸಮುದ್ರ ಚಲೋ ಐತ್ರಿ. ಅದರ ಜೋಡಿ ಎಷ್ಟಂತ ಮಾತಾಡೂದು?"

"ಅಗುಳಿ ತೆಗೆದ್ರೆ ನಾನು ದಿನಾ ಇಲ್ಲಿಂದಲೇ ಹೋಗುದು. ಬೇರೆಯವರೂ ಬರ್ತಾರೆ. ನೀವು ತಲೆ ಬಾಚ್ತಾ ಇದ್ರೂ ಬರ್ತಾರೆ. ಅದು ನಿಮಗೆ ಆಗ್ತದಾ, ಈಗಲೇ ಹೇಳಿ. ನನ್ನ ತಂಗಿ ಅಲ್ಲಿ ಕೂತಿದ್ದಾಳೆ."

ಜೀವಮಾನವಿಡೀ ತಮ್ಮ ಕೋಣೆಯ ಬಾಗಿಲು ತಾವೇ ಮುಚ್ಚಿಕೊಂಡು ಬದುಕಿದವರಿಗೆ ಅದು ಸಣ್ಣ ಮಾತಲ್ಲ. ಟೀಚರು ಒಲೆಯ ಮುಂದೆ ಹೋಗಿ ಹಾಲು ಇಟ್ಟರು, ಒಲೆ ಆರಿಸಿದರು. ಆಮೇಲೆ ಅಕ್ಕಿಪೆಟ್ಟಿಗೆ ಸರಿಸಿ ನನ್ನ ಅಗುಳಿಗೆ ಕೈ ಹಾಕಿದರು. ಉಪ್ಪುಗಾಳಿಗೆ ಅದು ಕಚ್ಚಿಕೊಂಡಿತ್ತು. ಲಟ್ಟಣಿಗೆಯಿಂದ ಹೊಡೆದು ಸಡಿಲಿಸಿದರು. ಎದುರು ಗೋಡೆಯ ಬಾಗಿಲನ್ನೂ ಹಾಗೇ ಮಾಡಿದರು. ಮೈಮೂನಮ್ಮ ಗೋಡೆ ಹಿಡಿದುಕೊಂಡು ಆ ಬಾಗಿಲಿನಲ್ಲಿ ಬಗ್ಗಿದರು. ಆಚೆಯಿಂದ ಹಾಜಿರಾಳ ದನಿ ಬಂತು: "ಯಾರದು?"

ಉತ್ತರ ನನಗೆ ಕೇಳಲಿಲ್ಲ. ಅವರು ಆಗಲೇ ಒಳಗೆ ಹೋಗಿದ್ದರು.

ಇದಾಗಿ ಕೆಲವು ಮಳೆಗಾಲ ಕಳೆದಿವೆ. ಟೀಚರು ಇಲ್ಲೇ ಇದ್ದಾರೆ. ನನಗೆ ವಯಸ್ಸಾಗಿದೆ. ತಳದ ಹಲಗೆಯನ್ನು ನೀರು ತಿಂದಿದೆ, ತಿರುಗಣೆ ಸವೆದು ನಾನು ಒಂದು ಕಡೆ ವಾಲಿದ್ದೇನೆ. ಈಗ ಪೂರ್ತಿ ಮುಚ್ಚಿಕೊಳ್ಳಲೂ ಆಗುವುದಿಲ್ಲ. ಯಾರಿಗೂ ಅದರಿಂದ ತೊಂದರೆಯಾದಂತಿಲ್ಲ. ನೋಡಲು ಬರುವವರನ್ನು ಊರು ಮಾತಾಡಿಸುತ್ತದೆ, ನೀರು ಕೊಡುತ್ತದೆ, ದಾರಿ ಹೇಳುತ್ತದೆ. ಇರಲು ಬಂದವರಿಗೆ ಆ ಉಪಚಾರ ನಿಧಾನವಾಗಿ ನಿಂತುಹೋಗುತ್ತದೆ. ಟೀಚರಿಗೆ ಅದು ಯಾವ ದಿನ ನಿಂತಿತು ಎಂದು ನಾನು ಗುರುತು ಹಾಕಿಕೊಳ್ಳಲಿಲ್ಲ.

ಮೊನ್ನೆ ಹುಬ್ಬಳ್ಳಿಯಿಂದ ಬಂದ ದಂಪತಿ ಹಳೆಯ ಮನೆಯ ಒಳಗನ್ನು ನೋಡಬೇಕೆಂದರು. ಗಂಡ ಬೀದಿಯಲ್ಲೇ ಫೋಟೋ ತೆಗೆಯುತ್ತ ಉಳಿದ, ಹೆಂಡತಿ ಒಳಗೆ ಬಂದಳು. ಟೀಚರು ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುತ್ತಲೇ ಮಾತಾಡಿದರು. ಇಲ್ಲಿ ಒಬ್ಬರೇ ಇರಲು ಬೇಸರವಾಗುವುದಿಲ್ಲವೇ ಎಂದು ಆ ಹೆಂಗಸು ಕೇಳುತ್ತಿರುವಾಗ ನಾನು ತೆರೆದೆ. ಮೈಮೂನಮ್ಮ ಮುಚ್ಚಿದ ಬಟ್ಟಲು ಹಿಡಿದು ಬಗ್ಗಿ ಬಂದರು. ಯಾರನ್ನೂ ನೋಡದೆ, ಟೀಚರ ಬೆನ್ನಿಗೆ ತಾಗುವಷ್ಟು ಹತ್ತಿರದಿಂದ ಹಾದು, ಎದುರು ಗೋಡೆಯೊಳಗೆ ಮಾಯವಾದರು.

ಹುಬ್ಬಳ್ಳಿಯ ಹೆಂಗಸು ಬಾಯಿ ಬಿಟ್ಟುಕೊಂಡು ಆ ಗೋಡೆಯನ್ನೇ ನೋಡಿದಳು. "ಈಗ ಹೋದ್ರಲ್ರೀ, ಯಾರು?"

ಟೀಚರು ತಲೆಯೆತ್ತಲಿಲ್ಲ. "ಯಾರು ಹೋದ್ರು? ಎಲ್ಲಿ?" ಎಂದು ರೊಟ್ಟಿ ತಿರುವಿ ಹಾಕಿದರು.