ಪರದೆಯ ಹಿಂದಿನ ಪಾಲು

ಪ್ರವಾಸಕ್ಕೆ ಹೊರಟರೆ ನಾವು ಏನನ್ನೂ ಮರೆಯುವುದಿಲ್ಲ. ಮಾತ್ರೆ, ಕನ್ನಡಕ, ಚಾರ್ಜರು, ಬೀಗದ ಕೈ ಎಲ್ಲವೂ ಚೀಲ ಸೇರುತ್ತವೆ. ಟಿಕೆಟ್ಟಿಗೆ ಎಷ್ಟು, ತಿಂಡಿಗೆ ಎಷ್ಟು, ಮನೆಯವರಿಗೆ ಏನಾದರೂ ತರುವುದಕ್ಕೆ ಎಷ್ಟು ಎಂದು ಮೊದಲೇ ತೆಗೆದಿಡುತ್ತೇವೆ. ಆದರೆ ಅಷ್ಟೂ ದಿನ ನಮ್ಮ ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು ಇರುತ್ತಾರಲ್ಲ, ಅವರಿಗೆಂದು ಸ್ವಲ್ಪ ಎತ್ತಿಡಬೇಕು ಎಂಬುದು ಮಾತ್ರ ತಲೆಗೆ ಹೊಳೆಯುವುದಿಲ್ಲ. ಕೊನೆಯ ದಿನ ಜೇಬು ತಡಕಾಡುತ್ತೇವೆ, ಇಲ್ಲವೇ ಕಣ್ಣು ತಪ್ಪಿಸಿ ಹೊರಟುಬಿಡುತ್ತೇವೆ. ಟೈಲರ್ ಮಾಸ್ಟರ ಮನೆಯವರಿಗೂ ಹೀಗೇ ಆಯಿತು.

ಮಾಸ್ಟರು ಮೂವತ್ತೈದು ವರ್ಷ ಹೊಲಿಗೆ ಅಂಗಡಿ ನಡೆಸಿದವರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಮಾಸ್ಟರಮ್ಮ ಎಂದೇ ಕರೆಯುತ್ತಿದ್ದರು, ಆಕೆಗೂ ಅದೇ ರೂಢಿಯಾಗಿಹೋಗಿತ್ತು. ಕಣ್ಣು ಮಂಜಾಗತೊಡಗಿದಾಗ ಮಾಸ್ಟರು ಅಂಗಡಿ ಮುಚ್ಚಿ, ಹೊಲಿಗೆ ಯಂತ್ರಗಳನ್ನು ಮಾರಿ, ಬಂದ ಹಣದಲ್ಲಿ ಐದು ದಿನದ ಹಡಗು ಪ್ರವಾಸಕ್ಕೆ ಟಿಕೆಟ್ ತೆಗೆದರು. ಸಮುದ್ರದ ನಡುವೆ ಕೂತು ಒಂದು ಲೋಟ ಚಹಾ ಕುಡಿಯಬೇಕು ಎಂಬುದು ಅವರ ಬಹಳ ದಿನದ ಆಸೆ. ಜೊತೆಗೆ ಅವರ ತಂಗಿಯೂ ಹೊರಟಳು. ಆಕೆ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತಳಾದವಳು, ಹಿಂದೊಮ್ಮೆ ಹಡಗು ಹತ್ತಿ ಇಳಿದವಳು. ಟಿಪ್ಸ್‌ಗೆ ಅಂತ ಬೇರೆ ಇಟ್ಟುಕೊಂಡಿರು ಎಂದು ಅಣ್ಣನಿಗೆ ಫೋನಿನಲ್ಲೇ ಹೇಳಿದ್ದಳು. ಮಾಸ್ಟರು ಹೂಂಗುಟ್ಟಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು.

ಹಡಗಿನ ಕೋಣೆ ಚಿಕ್ಕದಾದರೂ ಚೊಕ್ಕವಾಗಿತ್ತು. ಸುಕ್ಕಿಲ್ಲದ ಬಿಳಿ ಹಾಸಿಗೆ, ಒಂದು ದುಂಡನೆಯ ಕಿಟಕಿ, ಮಂಚದ ಮೇಲೆ ಹಂಸದ ಆಕಾರಕ್ಕೆ ಮಡಚಿಟ್ಟ ಟವೆಲು. ಅದನ್ನು ಬಿಡಿಸಲು ಮಾಸ್ಟರಮ್ಮನಿಗೆ ಮನಸ್ಸೇ ಬರಲಿಲ್ಲ. ಹಂಸವನ್ನು ಕುರ್ಚಿಯ ಮೇಲೆ ಜೋಪಾನವಾಗಿ ಕೂರಿಸಿ, ಮನೆಯಿಂದ ತಂದ ತೆಳ್ಳನೆಯ ಟವೆಲಿನಲ್ಲೇ ಮುಖ ಒರೆಸಿಕೊಂಡರು.

ಕೋಣೆ ನೋಡಿಕೊಳ್ಳುವಾಕೆ ಬಂದು ಪರಿಚಯ ಹೇಳಿಕೊಂಡಳು. ನಲವತ್ತರ ಹತ್ತಿರದ ಹೆಂಗಸು, ಬಿಗಿಯಾಗಿ ಕಟ್ಟಿದ ತಲೆಗೂದಲು, ಮುಂದೆ ಚಾದರ ಟವೆಲುಗಳ ತಳ್ಳುಗಾಡಿ. ಆ ಸಾಲಿನ ಹದಿನಾರು ಕೋಣೆಗಳೂ ಅವಳ ಪಾಲಿಗೇ ಅಂತೆ, ದಿನಕ್ಕೆ ಎರಡು ಸಲ. ಕೇಳಿ ಮಾಸ್ಟರಮ್ಮನಿಗೆ ಅಯ್ಯೋ ಎನಿಸಿತು. ನಮ್ಮ ಕೋಣೆ ಒಂದಾದರೂ ಅವಳಿಗೆ ಭಾರವಾಗದಿರಲಿ ಎಂದುಕೊಂಡರು. ಮರುದಿನ ಎದ್ದವರೇ ತಾವೇ ಹಾಸಿಗೆ ಸರಿಮಾಡಿದರು, ಬಚ್ಚಲು ತೊಳೆದರು, ಕಿಟಕಿ ಪರದೆಯ ಅಂಚು ಬಿಚ್ಚಿದ್ದು ಕಂಡು ಚೀಲದಿಂದ ಸೂಜಿ ದಾರ ತೆಗೆದು ಅದನ್ನೂ ಹೊಲಿದರು. ಬಾಗಿಲ ಹಿಡಿಗೆ ನೇತುಹಾಕಲು ಒಂದು ಕಾರ್ಡು ಇತ್ತು, ತೊಂದರೆ ಕೊಡಬೇಡಿ ಎಂದು ಬರೆದದ್ದು. ಅದನ್ನು ಹೊರಗೆ ತೂಗುಬಿಟ್ಟರು. ಅಲ್ಲಿಂದ ಮುಂದೆ ಅದನ್ನು ತೆಗೆಯಲೇ ಇಲ್ಲ.

ಅದೇ ದಿನ ಊಟದ ಹೊತ್ತಿಗೆ ಮಾಸ್ಟರ ಕೈಗೆ ಒಂದು ಚೀಟಿ ಬಂತು. ಪ್ರತಿಯೊಬ್ಬ ಪ್ರಯಾಣಿಕರ ಬಿಲ್ಲಿಗೂ ದಿನಕ್ಕಿಷ್ಟು ಎಂದು ಸೇವಾ ಹಣ ಸೇರುತ್ತದೆ, ಅದನ್ನು ಸಿಬ್ಬಂದಿ ಹಂಚಿಕೊಳ್ಳುತ್ತಾರೆ, ಬೇಡವೆನ್ನುವವರು ಕೌಂಟರಿನಲ್ಲಿ ಕಾರಣ ಬರೆದುಕೊಟ್ಟು ತೆಗೆಸಬಹುದು ಎಂದು ಅದರಲ್ಲಿತ್ತು. ಮಾಸ್ಟರ ಹುಬ್ಬು ಗಂಟಿಕ್ಕಿತು.

"ಟಿಕೆಟ್ಟಿಗೆ ಕೊಟ್ಟಿದ್ದೀವಿ, ಈಗ ಮೇಲೆ ಇದು ಬೇರೆ. ಹಾಸಿಗೆ ಹಾಸಿದ್ದು ನೀನು, ಬಚ್ಚಲು ತೊಳೆದಿದ್ದು ನೀನು. ಯಾರ ಸೇವೆಗೆ ದುಡ್ಡು ಕೊಡ್ಬೇಕು?"

ಮಾಸ್ಟರು ಜಿಪುಣರಲ್ಲ, ಅದನ್ನು ಹೇಳಲೇಬೇಕು. ಊಟ ಬಡಿಸಿದವನ ಕೈಗೆ ಆಗಲೇ ಒಂದು ನೋಟು ಇಟ್ಟು ಬೆನ್ನು ತಟ್ಟಿದ್ದರು. ಕಣ್ಣಿಗೆ ಕಂಡವರಿಗೆ ಕೈಯಾರೆ ಕೊಡುತ್ತೇನೆ, ಕಾಣದವರಿಗೆ ಯಾಕೆ ಕೊಡಲಿ ಎಂಬುದು ಅವರ ವಾದ. ಆ ವಾದ ಮಾಸ್ಟರಮ್ಮನಿಗೂ ಸರಿ ಎನಿಸಿತು. ಹಾಗಾಗಿ ಮಾಸ್ಟರು ಕೌಂಟರಿಗೆ ಹೋಗಿ, ಕೋಣೆಯ ಸೇವೆ ಪಡೆದಿಲ್ಲ ಎಂದು ಕಾರಣ ಬರೆದು ಸಹಿ ಹಾಕಿದರು. ಅಲ್ಲಿದ್ದವನು ಮರುಮಾತಾಡದೆ ಹಣ ತೆಗೆದುಹಾಕಿದ. ಯುದ್ಧ ಗೆದ್ದವರಂತೆ ಮಾಸ್ಟರು ಮೀಸೆ ತೀಡುತ್ತ ವಾಪಸು ಬಂದರು.

ಮೂರನೆಯ ದಿನ ಬೆಳಗ್ಗೆ ಮಾಸ್ಟರು ಮೇಲಿನ ಅಂತಸ್ತಿಗೆ ಹೋಗಿದ್ದಾಗ ಬಾಗಿಲಲ್ಲಿ ಸದ್ದಾಯಿತು. ತಟ್ಟಿದ್ದೂ ಹೌದೋ ಅಲ್ಲವೋ ಎನ್ನುವಷ್ಟು ಮೆಲ್ಲಗೆ. ತೆರೆದರೆ ಅದೇ ಹೆಂಗಸು. ತಳ್ಳುಗಾಡಿ ಇರಲಿಲ್ಲ. ಕೈಗಳನ್ನು ಮುಂದೆ ಹಿಡಿದುಕೊಂಡು ನಿಂತಿದ್ದಳು.

"ಅಮ್ಮ, ಕಾರ್ಡ್ ಇದ್ರೂ ತಟ್ಟಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನಿಂದ ಏನು ತಪ್ಪಾಯ್ತು ಅಂತ ಹೇಳಿ, ತಿದ್ಕೊಳ್ತೀನಿ."

ಮಾಸ್ಟರಮ್ಮನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಿನ್ನೆ ಎರಡು ಸಲವೂ ಅವಳು ಈ ಕೋಣೆಗೆ ಕಾಲಿಟ್ಟಿಲ್ಲವೆಂದು ಮೇಲ್ವಿಚಾರಕರು ಗುರುತು ಹಾಕಿಕೊಂಡಿದ್ದರು. ಅದರ ಮೇಲೆ ಸೇವೆ ಪಡೆದಿಲ್ಲ ಎಂಬ ಚೀಟಿಯೂ ಕೌಂಟರಿನಿಂದ ಹೋಗಿತ್ತು. ಈ ತಿಂಗಳಿಗೆ ಅವಳ ಕರಾರು ಮುಗಿಯುತ್ತದೆ. ಮತ್ತೆ ಕರೆಯುವುದೋ ಬಿಡುವುದೋ ಎಂದು ನೋಡುವಾಗ ಇಂಥ ಚೀಟಿಗಳನ್ನೂ ನೋಡುತ್ತಾರೆ. ಊರಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಇನ್ನೂ ಒಂದು ವರ್ಷ ಬಾಕಿ ಇದೆ.

ಮಾಸ್ಟರಮ್ಮ ಅವಳ ಕೈ ಹಿಡಿದುಕೊಂಡರು. ನಿನಗೆ ಹಗುರವಾಗಲಿ ಎಂದು ನಾನೇ ಮಾಡಿಕೊಂಡೆ ಕಣಮ್ಮ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೆಂಗಸು ಕೋಪಿಸಿಕೊಳ್ಳಲಿಲ್ಲ. ಹೊಲಿದ ಪರದೆಯನ್ನೂ ಕುರ್ಚಿಯ ಮೇಲಿನ ಹಂಸವನ್ನೂ ನೋಡಿದಳು, ತುಟಿಯಲ್ಲಿ ಸಣ್ಣ ನಗೆ ಬಂದು ಹೋಯಿತು.

"ನಿಮ್ಮ ಮನಸ್ಸು ದೊಡ್ಡದು ಅಮ್ಮ. ಆದ್ರೆ ನೀವು ನನ್ನ ಕೆಲಸ ಮಾಡಿದ್ರೆ, ನಾನು ಮಾಡಿಲ್ಲ ಅಂತಾನೇ ಅವ್ರು ಬರ್ಕೊಳ್ಳೋದು."

ಮಾಸ್ಟರಮ್ಮ ಬಾಗಿಲ ಕಾರ್ಡನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹೊರಟರು. ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ತುಂಬಿಕೊಂಡಿತು. ಯಾರ ಹೊಟ್ಟೆಯ ಮೇಲೂ ಹೊಡೆದವರಲ್ಲ ಅವರು. ಪ್ರೀತಿಯಿಂದ ಮಾಡಿದ್ದೇ ಹೀಗೆ ತಿರುಗಿಕೊಂಡಿತಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು.

ಮೇಲೆ ಅಣ್ಣ ತಂಗಿ ಸಮುದ್ರಕ್ಕೆ ಮುಖ ಮಾಡಿ ಕೂತಿದ್ದರು. ಮಾಸ್ಟರ ಮುಂದೆ ಅವರ ಕನಸಿನ ಚಹಾ ಆಗಷ್ಟೇ ಬಂದಿತ್ತು. ಮಾಸ್ಟರಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಮಾಸ್ಟರಿಗೆ ಕಸಿವಿಸಿಯಾಯಿತು, ಆದರೆ ಸೋಲೊಪ್ಪುವ ಆಸಾಮಿ ಅಲ್ಲ ಅವರು. ಬೇಕಾದರೆ ಅವಳ ಕೈಗೇ ಒಂದಿಷ್ಟು ಕೊಟ್ಟರಾಯಿತು, ಎಲ್ಲರಿಗೂ ಹಂಚುವ ದುಡ್ಡು ನಾನು ಕೊಡುವುದಿಲ್ಲ, ಸಂಬಳ ಕೊಡಬೇಕಾದದ್ದು ಕಂಪನಿ ಎಂದರು.

"ಕಂಪನಿ ಚೆನ್ನಾಗಿ ಸಂಬಳ ಕೊಡ್ಬೇಕು ಅನ್ನೋದು ನ್ಯಾಯವೇ ಅಣ್ಣ," ಎಂದಳು ತಂಗಿ. "ಹಾಗಂತ ಕಂಪನಿಗೆ ಬರಿ, ನಾನೂ ಸಹಿ ಹಾಕ್ತೀನಿ. ಆದ್ರೆ ಕಂಪನಿ ಮೇಲಿನ ಸಿಟ್ಟನ್ನ ಹಾಸಿಗೆ ಹಾಸೋಳ ಮೇಲೆ ತೀರಿಸ್ಕೋಬೇಡ."

ಹತ್ತಿದ ದಿನವೇ ಅವಳು ಕೌಂಟರಿನಲ್ಲಿ ಎಲ್ಲ ವಿಚಾರಿಸಿಕೊಂಡಿದ್ದಳು. ಈ ಹಡಗಿನಲ್ಲಿ ಆ ಹಣ ಕೋಣೆಯವಳಿಗೆ, ಬಡಿಸುವವನಿಗೆ ಮಾತ್ರ ಹೋಗುವುದಲ್ಲ. ಕೆಳಗಿನ ಅಂತಸ್ತಿನಲ್ಲಿ ಬಿಸಿಲನ್ನೇ ಕಾಣದೆ ಪಾತ್ರೆ ತೊಳೆಯುವವರಿಗೂ, ಬಟ್ಟೆ ಒಗೆದು ಇಸ್ತ್ರಿ ಮಾಡುವವರಿಗೂ, ತರಕಾರಿ ಹೆಚ್ಚುವವರಿಗೂ ಒಂದೊಂದು ಪಾಲು ಹೋಗುತ್ತದೆ. ಎಲ್ಲ ಹಡಗಿನಲ್ಲೂ ಹೀಗೇ ಎನ್ನಲಾಗದು, ಕೆಲವು ಕಡೆ ಟಿಕೆಟ್ಟಿನಲ್ಲೇ ಸೇರಿರುತ್ತದೆ, ಕೇಳಿ ತಿಳಿದುಕೊಳ್ಳಬೇಕು ಎಂದಳು. ಲಾಂಡ್ರಿಯ ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಅತಿಥಿಯೂ ಅವಳ ಮುಖ ನೋಡಿರಲಿಲ್ಲ. ಆದರೂ ತಿಂಗಳ ಕೊನೆಗೆ ಹಂಚಿದ ಹಣದಲ್ಲಿ ಅವಳಿಗೊಂದು ಪಾಲು ಬರುತ್ತಿತ್ತು, ಮಗನ ಶಾಲೆಯ ಫೀಸು ಅದರಲ್ಲೇ ನಡೆದದ್ದು.

ಮಾಸ್ಟರು ಇನ್ನೂ ಒಪ್ಪದೆ ತಲೆಯಾಡಿಸುತ್ತಿದ್ದರು. ಕಾಣದವರಿಗೆ ಹೇಗೆ ಕೊಡುವುದು ಎಂದು ಮತ್ತೆ ಅದೇ ರಾಗ ತೆಗೆದರು. ಆಗ ಮಾಸ್ಟರಮ್ಮ ಮೆಲ್ಲಗೆ ಬಾಯಿಬಿಟ್ಟರು.

"ರೀ, ನಮ್ಮ ಅಂಗಡೀಲಿ ಕಾಜಾ ಯಾರು ಹಾಕ್ತಿದ್ರು?"

"ನೀನು."

"ಗಿರಾಕಿಗಳಿಗೆ ಗೊತ್ತಿತ್ತಾ?"

"ಇಲ್ಲ."

ಅಂಗಡಿಯ ನಡುವೆ ಒಂದು ಹೂವಿನ ಪರದೆ ಇತ್ತು. ಮುಂದೆ ಕನ್ನಡಿ, ಯಂತ್ರ, ಕೊರಳಿಗೆ ಟೇಪು ಹಾಕಿಕೊಂಡ ಮಾಸ್ಟರು. ಹಿಂದೆ ಒಂದು ಗಿಡ್ಡ ಮಣೆ, ಗುಂಡಿಗಳ ಡಬ್ಬಿ, ಮಾಸ್ಟರಮ್ಮ. ಗುಂಡಿ ತೂರುವ ಕಾಜಾ ಒಂದೊಂದನ್ನೂ ಆಕೆ ಕೈಯಲ್ಲೇ ಹೊಲಿದರು, ಗುಂಡಿ ಹಾಕಿದರು, ಅಂಚು ಮಡಚಿದರು. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಈಗಲೂ ಗಡುಸು. ಗಿರಾಕಿಗಳು ಅಂಗಿ ತೊಟ್ಟು ನೋಡಿ ಖುಷಿಯಾದರೆ, ಚಹಾಕ್ಕೆ ಇಟ್ಕೊಳ್ಳಿ ಮಾಸ್ಟ್ರೇ ಎಂದು ಮೇಲೊಂದಿಷ್ಟು ಕೊಡುತ್ತಿದ್ದರು. ಮಾಸ್ಟರು ಗೆಳೆಯರನ್ನು ಕಟ್ಟಿಕೊಂಡು ಮೂಲೆಯ ಹೋಟೆಲಿಗೆ ಹೋಗುತ್ತಿದ್ದರು.

"ಒಂದು ಲೋಟ ಚಹಾ ಪರದೆ ಹಿಂದಕ್ಕೂ ಬಂದಿದ್ರೆ ಸಾಕಿತ್ತು ರೀ. ಚಹಾದ ಆಸೆಗಲ್ಲ. ಈ ಅಂಗೀಲಿ ನನ್ನ ಕೈಯೂ ಇದೆ ಅಂತ ಯಾರೋ ನೆನೆದ ಹಾಗಾಗ್ತಿತ್ತು."

ಆಕೆಯ ದನಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ಮಾಸ್ಟರಿಗೆ ಹೆಚ್ಚು ನಾಟಿತು. ಅವರು ತಲೆ ತಗ್ಗಿಸಿ ತಮ್ಮ ಅಂಗಿಯನ್ನೇ ನೋಡಿಕೊಂಡರು. ಆರು ಗುಂಡಿ, ಆರು ಕಾಜಾ, ಎಲ್ಲವೂ ಆಕೆಯವು. ಮುಟ್ಟದೇ ಇದ್ದ ಚಹಾ ಲೋಟವನ್ನು ಹೆಂಡತಿಯ ಮುಂದೆ ಸರಿಸಿ, ಎದ್ದು ಕೌಂಟರಿನ ಕಡೆ ನಡೆದರು.

ಹಳೆಯ ಚೀಟಿ ವಾಪಸು ಪಡೆದು ಹೊಸದು ಬರೆದರು. ಸೇವೆ ಬೇಡವೆಂದು ಬಾಗಿಲಿಗೆ ಕಾರ್ಡು ಹಾಕಿದ್ದು ನಾವೇ, ಕೋಣೆ ನೋಡಿಕೊಳ್ಳುವಾಕೆಯದು ಎಳ್ಳಷ್ಟೂ ತಪ್ಪಿಲ್ಲ, ಸೇವಾ ಹಣವನ್ನು ಎಲ್ಲ ದಿನಕ್ಕೂ ಸೇರಿಸಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಆಕೆಯ ಹೆಸರನ್ನು ಕೇಳಿ ತಿಳಿದುಕೊಂಡು ಅದನ್ನೂ ಕಾಣಿಸಿದರು. ಇದನ್ನು ಮೇಲ್ವಿಚಾರಕರಿಗೆ ಇವತ್ತೇ ತಲುಪಿಸಿ ಎಂದು ಎರಡು ಸಲ ಹೇಳಿ, ತಾವೇ ಮೇಲ್ವಿಚಾರಕರ ಮುಂದೆ ನಿಂತು ಬಾಯಲ್ಲೂ ಹೇಳಿಯೇ ಬಂದರು.

ನಾಲ್ಕನೆಯ ದಿನ ಹೆಂಗಸು ತಳ್ಳುಗಾಡಿಯೊಂದಿಗೆ ಕೋಣೆಗೆ ಬಂದಳು. ಮಾಸ್ಟರಮ್ಮ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಇನ್ನೊಬ್ಬರು ಹಾಸಿಗೆ ಹಾಸುವಾಗ ಸುಮ್ಮನೆ ಕೂರುವುದು ಅವರಿಗೆ ಕಾಜಾ ಹಾಕುವುದಕ್ಕಿಂತ ಕಷ್ಟವಾಯಿತು. ಹೆಂಗಸು ಚಾದರದ ಮೂಲೆಗಳನ್ನು ಮಡಚಿ ಒಳಗೆ ಸಿಗಿಸಿದ ಚೆಂದ ಕಂಡು, ಹೊಲಿಗೆಯವರ ಕೈ ನಿನ್ನದು ಎಂದರು. ಅವಳು ನಾಚಿದಳು. ಮಾಸ್ಟರ ಹೊಸ ಚೀಟಿ ಓದಿ, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬಿದ್ದ ಗುರುತನ್ನು ಮೇಲ್ವಿಚಾರಕರು ಹೊಡೆದುಹಾಕಿದ್ದರು. ಐದನೆಯ ದಿನ ಇಳಿಯುವ ಮೊದಲು ಅವಳೇ ಓಡಿಬಂದು, ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯಿತು ಎಂದು ಹೇಳಿದಳು. ಮಾಸ್ಟರು ಒಂದು ಲಕೋಟೆಯನ್ನು ಅವಳ ಕೈಗಿಟ್ಟು, ಇದು ನಮ್ಮ ಖುಷಿಗೆ, ಆ ಹಣ ಬೇರೆ ಇದು ಬೇರೆ ಎಂದರು.

ಇನ್ನೊಂದು ಲಕೋಟೆ ಅವರ ಜೇಬಿನಲ್ಲಿತ್ತು. ಹಡಗಿನ ಮೆಟ್ಟಿಲು ಇಳಿದ ಮೇಲೆ ಅದನ್ನು ಹೆಂಡತಿಗೆ ಕೊಟ್ಟರು. ಮೇಲೆ ಅವರದೇ ದುಂಡಗಿನ ಅಕ್ಷರ: ಕಾಜಾ ಹಾಕಿದವರಿಗೆ.

ಮಾಸ್ಟರಮ್ಮ ಎರಡು ಸಲ ಓದಿದರು. "ಮೂವತ್ತೈದು ವರ್ಷದ್ದಕ್ಕೆ ಇಷ್ಟು ತೆಳ್ಳಗಿನ ಲಕೋಟೆನಾ?" ಎಂದು ನಗಲು ಹೋದವರಿಗೆ ಅಳು ಬಂತು. ಒಳಗೆ ಎಷ್ಟಿದೆ ಎಂದು ನೋಡದೆ, ಚೀಲದಲ್ಲಿ ತಮ್ಮ ತೆಳ್ಳನೆಯ ಟವೆಲಿನ ಮಡಿಕೆಯೊಳಗೆ ಇಟ್ಟುಕೊಂಡರು.

ಓದುತ್ತಿರುವ ನೀವೂ ನಾಳೆ ಹಡಗು ಹತ್ತಬಹುದು, ಇಲ್ಲವೇ ಪಕ್ಕದೂರಿನ ಲಾಡ್ಜಿನಲ್ಲಿ ಒಂದು ರಾತ್ರಿ ಉಳಿಯಬಹುದು. ಟಿಕೆಟ್ ತೆಗೆಯುವಾಗಲೇ ಸೇವಾ ಹಣ ಅದರಲ್ಲಿ ಸೇರಿದೆಯೇ, ಇಲ್ಲದಿದ್ದರೆ ಎಷ್ಟು, ಯಾರ್ಯಾರಿಗೆ ಹೋಗುತ್ತದೆ ಎಂದು ಕೇಳಿ, ಅಷ್ಟನ್ನು ಮನೆಯಲ್ಲೇ ಬೇರೆ ಎತ್ತಿಡಿ. ಎಲ್ಲರ ಪಾಲಿನ ಹಣವನ್ನು ಸುಮ್ಮನೆ ತೆಗೆಸಬೇಡಿ. ಒಬ್ಬರ ಕೆಲಸ ಹಿಡಿಸಿತೆಂದರೆ ಕೈಗೆ ಬೇರೆ ಕೊಡಿ, ಕೊಡಲು ಕೈಲಾಗದಿದ್ದರೆ ಅವರ ಹೆಸರು ಬರೆದು ಎರಡು ಒಳ್ಳೆಯ ಮಾತು ಬಿಟ್ಟುಬನ್ನಿ, ಅದೂ ಅವರ ಅನ್ನಕ್ಕೆ ಬರುತ್ತದೆ. ಕೆಲಸ ಸರಿಯಾಗದಿದ್ದರೆ ಮೊದಲು ಅವರಿಗೇ ಹೇಳಿ. ಇದೆಲ್ಲ ಮರೆತುಹೋದೀತು ಅನಿಸಿದರೆ, ಹೊರಡುವ ದಿನ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಆ ಕಾಜಾ ಹೊಲಿದವರು ಯಾರಿರಬಹುದು ಎಂದು ಒಮ್ಮೆ ಯೋಚಿಸಿ.